ಸೊನ್ನದ ಜೀಪಿನ ದಾರಗಳು

ಆ ಮಂಗಳವಾರ ಮಧ್ಯಾಹ್ನ ಅಫಜಲಪುರದ ನನ್ನ ಗಾಡಿ ರಿಪೇರಿ ಅಂಗಡಿಯ ಮುಂದಿನ ಬೇವಿನ ಗಿಡದ ನೆರಳಿನಲ್ಲಿ ನಾವು ನಾಲ್ಕು ಜನ ಇದ್ದೆವು. ಜೀಪಿನ ಮಾಲೀಕರೂ ಡ್ರೈವರೂ ಆದ ಸೊನ್ನದ ಕಾಕಾ. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂತಿದ್ದ ಅವರ ಹೆಂಡತಿ, ಅವರನ್ನು ನಾನು ಕಾಕಿ ಅನ್ನುತ್ತಿದ್ದೆ. ಕಾಕಿಯ ಎದುರಿಗೆ ಸೊನ್ನದವರೇ ಆದ ಟೇಲರ್. ಮತ್ತು ಬಾನೆಟ್ ಎತ್ತಿ ಹಿಡಿದು ನಿಂತ ನಾನು. ಕಾಕಿಗೂ ಟೇಲರಿಗೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಕಲಬುರಗಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಅಂದೂ ಅಲ್ಲಿಂದಲೇ ಬರುತ್ತಿದ್ದರು. ಇಬ್ಬರ ಎಡಗೈಯ ಮೇಲೂ ಹತ್ತಿಯ ಪಟ್ಟಿ ಇತ್ತು. ಆ ಹಳೆಯ ಡೀಸೆಲ್ ಜೀಪು ಓಡುತ್ತಿದ್ದದ್ದೇ ಆ ಎರಡು ದಿನಗಳಿಗಾಗಿ.

ಮುಂದಿನ ವಾರ ಜೀಪನ್ನು ಫಿಟ್ನೆಸ್ ತಪಾಸಣೆಗೆ ಒಯ್ಯಬೇಕಿತ್ತು. ಬಾನೆಟ್ ಕೆಳಗಿನ ಅವಸ್ಥೆ ನೋಡಿದರೆ ಇನ್‌ಸ್ಪೆಕ್ಟರು ಎತ್ತಿದ ಕೈಯಲ್ಲೇ ಮುಚ್ಚಿ ಮನೆಗೆ ಕಳಿಸುವ ಹಾಗಿತ್ತು. ಎಣ್ಣೆ, ಧೂಳು, ಅರಿಶಿನ, ಕುಂಕುಮ ಎಲ್ಲ ಸೇರಿ ಬೆರಳು ದಪ್ಪದ ಪದರ ಕಟ್ಟಿತ್ತು. ಅದರ ಮೇಲೆ ಬಣ್ಣ ಬಣ್ಣದ ವೈರುಗಳು ಒಣಗಿದ ಬಳ್ಳಿಯ ಹಾಗೆ ಇಳಿಬಿದ್ದಿದ್ದವು.

"ಇದರಾಗ ಇಂಜಿನ್ ಎಲ್ಲಿ ಅದ ಕಾಕಾ?" ಅಂದೆ.

"ಕೈ ಹಾಕಿ ಹುಡುಕು, ಸಿಗ್ತಾದ," ಅಂದರು ಕಾಕಾ.

ಹಿಂದಿನಿಂದ ಕಾಕಿಯ ದನಿ ಬಂತು. "ನನಗ ವಾರಕ್ಕ ಎರಡ್ ಸಲ ತೊಳೀತಾರ, ಇದಕ್ಕ ಇಪ್ಪತ್ ವರ್ಷದಾಗ ಒಮ್ಮಿ ಸೈತ ತೊಳದಿಲ್ಲ. ಆದ್ರೂ ನನಗಿಂತ ಇದೇ ಗಟ್ಟಿ ಅದ ನೋಡಪ್ಪಾ."

ಟೇಲರ್ ನಕ್ಕರು. ಕಾಕಾ ನಗಲಿಲ್ಲ. "ತಮ್ಮಾ, ವೈರ್ ಎಲ್ಲಾ ಚಂದ ಮಾಡು, ಇಂಜಿನ್ ತೊಳಿ. ಆದ್ರ ಶುಕ್ರವಾರ ಮುಂಜಾನಿ ಆರಕ್ಕ ಗಾಡಿ ನಮ್ಮ ಮನಿ ಮುಂದ ಇರ್ಬೇಕು. ಅದೊಂದು ತಪ್ಪಬಾರ್ದು."

ತಪ್ಪುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನನ್ನ ಕಣ್ಣು ಬ್ಯಾಟರಿಯ ಪಕ್ಕದಲ್ಲಿತ್ತು. ಅಲ್ಲಿ ಇಂಜಿನ್ನಿನ ಬ್ರಾಕೆಟ್ಟಿನಿಂದ ಚಾಸಿಯ ಕಬ್ಬಿಣದವರೆಗೆ ಒಂದು ದಪ್ಪ ದಾರಗಳ ಗಂಟು ಜೋತುಬಿದ್ದಿತ್ತು. ಕೆಂಪು, ಕರಿ, ಹಳದಿ. ಮಠದ ದಾರ, ದರ್ಗಾದ ದಾರ, ಹೊಳೆದಂಡೆಯ ದೇವಿಯ ದಾರ. ಅಮಾವಾಸ್ಯೆಗೊಮ್ಮೆ ಗಾಡಿ ಪೂಜೆ ಮಾಡಿದಾಗಲೆಲ್ಲ ಕಾಕಿ ಒಂದೊಂದು ಸುತ್ತಿದ್ದರು. ಎಣ್ಣೆ ಕುಡಿದು, ಮಸಿ ಹಿಡಿದು, ಅದು ಎತ್ತಿನ ಹಗ್ಗದಷ್ಟು ಗಟ್ಟಿಯಾಗಿತ್ತು.

"ಇವನ್ನೆಲ್ಲ ತೆಗೀಬೇಕಾಗ್ತಾದ ಕಾಕಿ."

"ತೆಗಿ. ಆದ್ರ ಕತ್ತರಿ ಹಚ್ಚಬ್ಯಾಡ. ಕೈಯಿಂದ ಬಿಚ್ಚಿ, ಒಂದ್ ಬಟ್ಟ್ಯಾಗ ಕಟ್ಟಿ ಕೊಡು. ಹೊಳಿಗಿ ಬಿಡ್ತೇನಿ."

ನನಗೂ ದೇವರ ದಾರಕ್ಕೆ ಕತ್ತರಿ ಹಚ್ಚುವ ಮನಸ್ಸಿರಲಿಲ್ಲ. ಅವರು ಬೇರೆ ಗಾಡಿ ಹಿಡಿದು ಊರಿಗೆ ಹೋದರು. ಜೀಪು ನನ್ನ ಬಳಿ ಉಳಿಯಿತು.

ಬುಧವಾರ ಬೆಳಿಗ್ಗೆ ಮೊದಲು ಬ್ಯಾಟರಿ ಬಿಚ್ಚಿ ಹೊರಗಿಟ್ಟೆ. ಆಳಂದದಲ್ಲಿ ನನಗೆ ಈ ಕೆಲಸ ಕಲಿಸಿದ ಉಸ್ತಾದರು ಹಾಕಿಕೊಟ್ಟ ಪದ್ಧತಿ ಒಂದಿದೆ: ಯಾವ ವೈರನ್ನೂ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಿಂದ ಗುರುತಿಸದೆ ಕೀಳಬಾರದು. ಕಿತ್ತರೆ ಎರಡೂ ತುದಿಗೆ ಟೇಪ್ ಸುತ್ತಿ ನಂಬರ್ ಬರೆಯಬೇಕು. ಹಾಗೇ ಮಾಡಿದೆ. ಇಪ್ಪತ್ತಮೂರು ವೈರುಗಳಲ್ಲಿ ಒಂಬತ್ತು ಯಾವುದಕ್ಕೂ ಹೋಗುತ್ತಿರಲಿಲ್ಲ. ಎಂದೋ ಇದ್ದ ಟೇಪ್‌ರೆಕಾರ್ಡರಿನದು ಎರಡು, ಎಂದೋ ಒಡೆದ ಮಂಜಿನ ದೀಪದವು ನಾಲ್ಕು, ಒಂದರ ಮೇಲೊಂದು ಹಾಕಿದ ಹಾರ್ನಿನವು ಮೂರು. ಹೆಡ್‌ಲೈಟಿನ ಫ್ಯೂಸ್ ಇರಬೇಕಾದ ಜಾಗದಲ್ಲಿ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆ ಮಡಚಿ ತುರುಕಿದ್ದರು. ಶಾರ್ಟ್ ಆದರೆ ಫ್ಯೂಸಿನ ಬದಲು ವೈರೇ ಹೊತ್ತಿಕೊಳ್ಳುತ್ತಿತ್ತು. ಎರಡು ವರ್ಷ ಇದರ ಮೇಲೆ ಇಬ್ಬರು ಪೇಷಂಟುಗಳು ಓಡಾಡಿದ್ದಾರೆ.

ಆಮೇಲೆ ತೊಳೆಯುವ ಕೆಲಸ. ಡೈನಮೊ, ಇಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಬಿಡದ ಕಡೆ ಕರಣಿಯಿಂದ ಕೆರೆದೆ. ಪದರ ಪದರವಾಗಿ ಬಿತ್ತು. ಒಳಗೆ ತೆಂಗಿನ ಚಿಪ್ಪಿನ ಚೂರು, ಬತ್ತಿದ ನಿಂಬೆಹಣ್ಣು ಸಿಕ್ಕವು. ಬ್ರಾಕೆಟ್ಟಿನ ಬೋಲ್ಟು, ಬ್ಯಾಟರಿ ತಟ್ಟೆಯ ಬೋಲ್ಟು ಸಡಿಲಿಸಿ ತೆಗೆದಾಗ ದಾರಗಳ ಗಂಟು ತಾನಾಗಿಯೇ ಕಳಚಿ ಕೈಗೆ ಬಂತು. ತುದಿಗಳು ಆ ಬೋಲ್ಟುಗಳ ಕೆಳಗೆ ಸಿಕ್ಕಿಕೊಂಡಿದ್ದವು. ಕಾಕಿ ಬಿಗಿಯಾಗಲಿ ಎಂದು ಹಾಗೆ ಸಿಗಿಸಿರಬೇಕು ಅಂದುಕೊಂಡೆ. ಕೂತು ಒಂದೊಂದೇ ಸುತ್ತು ಬಿಚ್ಚುವಷ್ಟು ಪುರಸೊತ್ತಿರಲಿಲ್ಲ. ಇದ್ದ ಹಾಗೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಅಂಗಡಿಯ ಜಗುಲಿಯ ಮೇಲೆ, ಯಾರ ಕಾಲೂ ತಾಗದ ಕಡೆ ಇಟ್ಟೆ.

ಪಕ್ಕದ ಪಂಕ್ಚರ್ ಅಂಗಡಿಯಿಂದ ಗಾಳಿಯ ಪೈಪ್ ಎಳೆದು ಎಲ್ಲ ಒಣಗಿಸಿ, ತುಕ್ಕು ಹಿಡಿದ ಕಡೆ ಕರಿ ಬಣ್ಣ ಬಳಿದೆ. ಜೇವರ್ಗಿಯ ಗುಜರಿಯಲ್ಲಿ ಇದೇ ತರಹದ ಜೀಪಿನಿಂದ ಕಳಚಿದ ವೈರಿಂಗ್ ಸೆಟ್ಟೊಂದು ನನ್ನ ಬಳಿ ಇತ್ತು. ಅದನ್ನು ಬಿಚ್ಚಿ, ಸವೆದ ಕಡೆ ಹೊಸ ವೈರ್ ಬೆಸೆದು, ಕರಿ ಪೈಪಿನಲ್ಲಿ ತೂರಿಸಿ, ಗೇಣಿಗೊಂದು ಕ್ಲಿಪ್ ಹಾಕಿ ಕೂರಿಸಿದೆ. ಹೊಸ ಫ್ಯೂಸ್ ಡಬ್ಬಿ ಇಟ್ಟೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಾನೆಟ್ ಕೆಳಗೆ ನೋಡಿದರೆ ಸಂತೋಷವಾಗುತ್ತಿತ್ತು.

ಕೊನೆಗೆ ಉಳಿದದ್ದು ಅರ್ತ್, ಕರೆಂಟು ಇಂಜಿನ್ನಿನಿಂದ ಬ್ಯಾಟರಿಗೆ ವಾಪಸ್ ಬರುವ ದಾರಿ. ಇಂಜಿನ್ನಿಗೂ ಚಾಸಿಗೂ ನಡುವೆ ಕಂಪನಿಯವರೇ ಹಾಕಿದ ದಪ್ಪ ಕರಿ ವೈರ್ ಇನ್ನೊಂದು ಬದಿಯಲ್ಲಿತ್ತು. ಅದರ ಎರಡೂ ತುದಿ ಉಜ್ಜಿ ಹೊಳೆಯುವಂತೆ ಮಾಡಿ ಬಿಗಿದೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಇಂಜಿನ್ನಿಗೆ ಇಟ್ಟೆ. ಬಲ್ಬು ಚೆನ್ನಾಗಿ ಹತ್ತಿತು. ಅರ್ತ್ ಸರಿ ಇದೆ ಎಂದು ಟೂಲ್ ಡಬ್ಬಿ ಮುಚ್ಚಿದೆ.

ನಾಲ್ಕು ಗಂಟೆಗೆ ಕಾಕಾ ಬಂದರು, ಕಾಕಿಯೂ ಬಂದಿದ್ದರು. ಸೆಲ್ಫ್ ಹೊಡೆದೆ. ತುಸು ಎಳೆದಾಡಿ ಚಾಲೂ ಆಯಿತು. ಎರಡು ದಿನ ಬಿಚ್ಚಿಟ್ಟ ಬ್ಯಾಟರಿ, ಇಳಿದಿರಬೇಕು ಅಂದುಕೊಂಡೆ. ಸಣ್ಣಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

"ಏನೋ ಸುಡಾಕತ್ತಾದಲ್ಲೋ?" ಅಂದರು ಕಾಕಾ.

"ಹೊಸಾ ಬಣ್ಣರಿ ಕಾಕಾ. ಇಂಜಿನ್ ಕಾಯ್ದರ ಹಂಗ ವಾಸನಿ ಬರ್ತಾದ."

ಬಾನೆಟ್ ಒಳಗೆ ಬಗ್ಗಿ ನೋಡಿದ ಕಾಕಿ, "ಅಯ್ಯ, ಇದು ನಮ್ಮ ಗಾಡೀನೇ ಹೌದಲ್ಲೋ? ಬ್ಯಾರೇದ್ದು ಕೊಟ್ಟೀ ಏನು?" ಅಂದು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ನಾನು ಉಬ್ಬಿಹೋದೆ. ಬಟ್ಟೆಯ ಗಂಟು ಅವರ ಕೈಗಿಟ್ಟೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಏನಪ್ಪಾ, ದಾರ ಇಷ್ಟು ವಜ್ಜಿ ಇರ್ತಾವೇನು?"

"ಇಪ್ಪತ್ ವರ್ಷ ಎಣ್ಣಿ ಕುಡದಾವ ಕಾಕಿ," ಅಂದೆ. ಮೂವರೂ ನಕ್ಕೆವು. ಅವರು ಜೀಪು ಹತ್ತಿ ಸೊನ್ನಕ್ಕೆ ಹೊರಟರು.

ಸಂಜೆ ಆರಕ್ಕೆ ಕಾಕಾ ಫೋನ್ ಮಾಡಿದರು. "ತಮ್ಮಾ, ರೇಸ್ ಮ್ಯಾಲಿಂದ ಕಾಲ ತೆಗದ್ರೂ ಇಂಜಿನ್ ಇಳಿವಲ್ದು. ನಡುವ ಒಮ್ಮಿ ನಿಂದರಿಸಿ ಮತ್ತ ಸೆಲ್ಫ್ ಹೊಡದೆ ನೋಡು, ಅಲ್ಲಿಂದ ಭಾಳ ಆಯ್ತು. ಬ್ಯಾರೇಜ್ ತಿರುವಿನಾಗ ಗಾಡಿ ನನ್ನ ಮಾತ ಕೇಳಲಿಲ್ಲ. ಬ್ರೇಕ್ ತುಳದು ನಿಂದರಿಸೀನಿ."

ರೇಸ್ ಕೇಬಲ್ಲಿಗೆ ಸೀಮೆಎಣ್ಣೆ ಹೋಗಿ ಒಣಗಿರಬೇಕು, ನಾಲ್ಕು ಹನಿ ಎಣ್ಣೆ ಬಿಡಿ ಅಂದೆ. ಸರಿ ಅಂದರು. ಫೋನಿಟ್ಟೆ. ಆದರೆ ಊಟಕ್ಕೆ ಕೂತಾಗಲೂ ಅದೇ ಲೆಕ್ಕ ಹಾಕುತ್ತಿದ್ದೆ. ಕೇಬಲ್ಲಿಗೆ ಸೀಮೆಎಣ್ಣೆ ತಾಗಿರಲೇ ಇಲ್ಲ. ಅದನ್ನು ನಾನೇ ಬಟ್ಟೆಯಿಂದ ಒರೆಸಿದ್ದೆ. ಬುಧವಾರ ಮೆತ್ತಗೆ ಆಡುತ್ತಿದ್ದ ಕೇಬಲ್ಲು ಗುರುವಾರ ಯಾಕೆ ಸಿಕ್ಕಿಕೊಂಡಿತು? ಆ ಸುಟ್ಟ ವಾಸನೆ ಬಣ್ಣದ್ದೇ ಆಗಿದ್ದರೆ ಸೆಲ್ಫ್ ಹೊಡೆದ ಮರುಗಳಿಗೆಗೇ ಹೇಗೆ ಬಂತು? ಇಂಜಿನ್ ಇನ್ನೂ ತಣ್ಣಗಿತ್ತು.

ತಟ್ಟೆ ಸರಿಸಿ ಆಳಂದಕ್ಕೆ ಫೋನ್ ಹಚ್ಚಿದೆ. ಉಸ್ತಾದರಿಗೆ ಈಗ ಕಿವಿ ಮಂದ. ಎಲ್ಲ ಎರಡೆರಡು ಸಲ ಹೇಳಬೇಕಾಯಿತು. ಪೂರಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಇಂಜಿನ್ನಿನ ಅರ್ತ್ ಹ್ಯಾಂಗ ನೋಡಿದಿ ಬೇಟಾ?"

"ಲ್ಯಾಂಪ್ ಹಚ್ಚಿ ನೋಡೀನಿ ಉಸ್ತಾದ್. ಚಲೋ ಹತ್ತಿತು."

"ಬಲ್ಬ್ ಹತ್ತಾಕ ಒಂದ್ ಎಳಿ ಸಾಕಾಗ್ತಾದಲೇ! ಸೆಲ್ಫಿಗೆ? ನೂರಾರು ಆಂಪಿಯರ್ ಎಳೀತಾದ. ಅದಕ್ಕ ದೊಡ್ಡ ದಾರಿ ಸಿಗಲಿಲ್ಲ ಅಂದ್ರ ಸಿಕ್ಕ ದಾರಿ ಹಿಡೀತಾದ. ಇಂಜಿನ್ನಿಂದ ಬಾಡಿಗೆ ಹೋಗೋ ಕಬ್ಬಿಣ ಇನ್ಯಾವ್ದು ಅದ, ಹೇಳು?"

ಯೋಚಿಸಿ ಹೇಳಿದೆ: ರೇಸ್ ಕೇಬಲ್.

"ಕೇಬಲ್ ಕಾಯ್ದು ಒಳಗಿನ ಪ್ಲಾಸ್ಟಿಕ್ ಕರಗ್ಯಾದ. ಇನ್ನ ಎರಡ್ ಸೆಲ್ಫ್ ಹೊಡದ್ರ ಪೂರಾ ಹಿಡೀತಾದ. ನೀ ಏನೋ ಕಿತ್ತಿದಿ. ಏನ್ ಕಿತ್ತಿದಿ, ನೆನಪ ಮಾಡು."

ನಂಬರ್ ಬರೆದ ಇಪ್ಪತ್ತಮೂರು ವೈರುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ. ಎಲ್ಲಕ್ಕೂ ಲೆಕ್ಕವಿತ್ತು. ನಂಬರ್ ಬರೆಯದೆ ಕಿತ್ತದ್ದು ಒಂದೇ ಒಂದು. ಎರಡು ಬೋಲ್ಟುಗಳ ಕೆಳಗೆ ಸಿಕ್ಕಿಕೊಂಡಿದ್ದ, ಕೈಗೆ ಭಾರವಾಗಿದ್ದ, ದಾರಗಳ ಗಂಟು.

ಕಾಕಾಗೆ ಫೋನ್ ಮಾಡಿದೆ. ಸ್ವಿಚ್ಡ್ ಆಫ್. ಟೇಲರ್ ನಂಬರ್ ನನ್ನ ಹತ್ತಿರ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಮೋಟರ್‌ಸೈಕಲ್ಲಿನ ಮೇಲೆ ಸೊನ್ನದ ದಾರಿ ಹಿಡಿದೆ. ದಾರಿಯುದ್ದಕ್ಕೂ ಎದುರಿಗೆ ಜೀಪು ಬಂದರೆ ಹೇಗೆ ಅಡ್ಡ ನಿಲ್ಲಿಸಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

ನಾನು ಮುಟ್ಟಿದಾಗ ಕಾಕಿ, ಟೇಲರ್ ಇಬ್ಬರೂ ಹತ್ತಿ ಕೂತಿದ್ದರು. ಕಾಕಾ ಕೀಲಿ ಹಾಕುತ್ತಿದ್ದರು.

"ತಿರುವಬ್ಯಾಡ್ರಿ ಕಾಕಾ!" ಎಂದು ಮೋಟರ್‌ಸೈಕಲ್ಲು ಬಿಟ್ಟು ಓಡಿದೆ. ಅದು ಹಿಂದೆ ಉರುಳಿಬಿತ್ತು.

ಕಿಟಕಿಯೊಳಗೆ ಕೈ ಹಾಕಿ ಕೀಲಿ ಕಿತ್ತುಕೊಂಡು ಬಾನೆಟ್ ಎತ್ತಿದೆ. ರೇಸ್ ಕೇಬಲ್ಲಿನ ಕರಿ ಹೊದಿಕೆ ಸುಟ್ಟ ಚರ್ಮದ ಹಾಗೆ ಗುಳ್ಳೆ ಎದ್ದಿತ್ತು. ಇನ್ನೊಂದು ಬದಿಯಲ್ಲಿ ಕಂಪನಿಯ ಅರ್ತ್ ವೈರನ್ನು ನಡುವೆ ಬ್ಲೇಡಿನಿಂದ ಸೀಳಿದೆ. ಒಳಗೆ ತಾಮ್ರ ಇರಲಿಲ್ಲ, ಹಸಿರು ಪುಡಿ ಇತ್ತು. ಪುಡಿಯ ನಡುವೆ ನಾಲ್ಕೈದು ಎಳೆ. ಅಮಾವಾಸ್ಯೆಗೊಮ್ಮೆ ಬಂಪರಿನ ಆ ಮೂಲೆಗೇ ಕಾಯಿ ಒಡೆಯುತ್ತಿದ್ದರು. ಕಾಯಿಯ ನೀರು ವರ್ಷಗಟ್ಟಲೆ ಆ ವೈರಿನೊಳಗೆ ಇಳಿದಿತ್ತು. ನಾನು ಉಜ್ಜಿ ಹೊಳೆಸಿದ್ದು ತುದಿ ಮಾತ್ರ.

"ಕಾಕಿ, ದಾರದ ಗಂಟು ಎಲ್ಲಿ ಅದ?"

"ಗೂಟಕ್ಕ ಹಾಕೀನಿ. ಇನ್ನ ಹೊಳಿಗಿ ಬಿಟ್ಟಿಲ್ಲ. ಯಾಕ?"

ತಂದು ಅವರ ಎದುರಿಗೇ ಬಿಚ್ಚಿದೆ. ಸುತ್ತಿನ ಮೇಲೆ ಸುತ್ತು ಕಳಚಿದಂತೆ ನಡುವೆ ಕರ್ರಗಿನ ಹೆಣೆದ ಪಟ್ಟಿಯೊಂದು ಕಂಡಿತು, ಹೆಣ್ಣುಮಕ್ಕಳ ಜಡೆಯ ಹಾಗೆ. ಉಗುರಿನಿಂದ ಕೆರೆದೆ. ತಾಮ್ರ. ಇಷ್ಟು ವರ್ಷ ಸೆಲ್ಫಿನ ಕರೆಂಟು ಹೊತ್ತಿದ್ದು ಇದೇ.

ಕಾಕಾ ಅದನ್ನು ನೋಡುತ್ತಲೇ ನಿಂತರು. "ಇದು ನಾನೇ ಹಾಕಿಸಿದ್ದು... ಕಬ್ಬಿನ ಸೀಜನ್ನಿನಾಗ ಭೂಸನೂರ ಫ್ಯಾಕ್ಟರಿ ಮುಂದ ಸೆಲ್ಫ್ ಎತ್ತಲಿಲ್ಲ ಅಂತ ಒಬ್ಬ ಮಿಸ್ತ್ರಿ ಕಟ್ಟಿಕೊಟ್ಟಿದ್ದ. ಹತ್ ವರ್ಷ ಆಯ್ತು. ಮರ್ತೇ ಬಿಟ್ಟಿದ್ದೆ."

"ತಪ್ಪು ನಂದು ಕಾಕಾ. ಬಿಚ್ಚಿ ನೋಡ್ಬೇಕಿತ್ತು. ನಿನ್ನಿ ವಾಸನಿ ಬಂದಾಗೂ ಸುಳ್ ಸಮಾಧಾನ ಹೇಳಿದೆ."

"ದಾರದ ಮಾತು ಇದ್ರ ಟೇಲರಗ ಒಂದ್ ಮಾತ ಕೇಳ್ಬೇಕಿತ್ತಪ್ಪಾ," ಅಂದರು ಟೇಲರ್ ಒಳಗಿನಿಂದ. ಯಾರೂ ನಗಲಿಲ್ಲ.

ಕಾಕಾಗೆ ಸಿಟ್ಟು ಆಗ ಬಂತು. "ಮಾತಾಡ್ಕೋತ ನಿಂದರಬ್ಯಾಡ ಲೇ! ಅದನ್ನ ವಾಪಸ್ ಬಿಗಿ, ನಡೀಲಿ. ಎಂಟೂವರಿಗಿ ಇವರ ಪಾಳಿ. ತಡಾ ಆದ್ರ ಮಶೀನ್ ಬ್ಯಾರೆಯವರಿಗೆ ಕೊಡ್ತಾರ. ಪಾಳಿ ತಪ್ಪಿದ್ರ ಮಂಗಳವಾರತನಕ ಆಕಿ ಕಾಲ ಡೊಳ್ಳ ಆಗ್ತಾವ, ಉಸರ ಹತ್ತಂಗಿಲ್ಲ. ಗೊತ್ತದಿಲ್ಲ ನಿನಗ?"

ಗೊತ್ತಿತ್ತು. ಪಟ್ಟಿಯನ್ನು ಹತ್ತು ನಿಮಿಷದಲ್ಲಿ ವಾಪಸ್ ಬಿಗಿಯಬಹುದಿತ್ತು. ಗಾಡಿಯೂ ಚಾಲೂ ಆಗುತ್ತಿತ್ತು. ಆದರೆ ಕರಗಿದ ಕೇಬಲ್ ಹಾಗೇ ಇರುತ್ತಿತ್ತು. ಹೋಗುವ ದಾರಿಯಲ್ಲಿ ಶಾಲೆಗಳಿವೆ, ಕಬ್ಬಿನ ಟ್ರ್ಯಾಕ್ಟರುಗಳಿವೆ. ಕೈಯಲ್ಲಿದ್ದ ಕೀಲಿಯನ್ನು ಜೇಬಿನಲ್ಲಿ ಹಾಕಿಕೊಂಡೆ.

"ಕೀಲಿ ಕೊಡಂಗಿಲ್ರಿ ಕಾಕಾ. ಬೇಕಾದ್ರ ಹೊಡೀರಿ."

ಅವರು ಕೈ ಎತ್ತಿದರು ಕೂಡ. ಕಾಕಿ ಕೆಳಗಿಳಿದರು. "ಬಿಡ್ರಿ. ಬಸ್ ಬರೋ ಹೊತ್ತಾಯ್ತು, ಹೋಗಾಗ ಬಸ್ಸಿಗಿ ಹೋಗ್ತೇವಿ." ನನ್ನ ಕಡೆ ತಿರುಗಿದರು. "ಆದ್ರ ಬರಾಗ ನನಗ ಬಸ್ಸಿನಾಗ ಕೂಡಾಕ ಆಗಂಗಿಲ್ಲಪ್ಪಾ. ತಲಿ ತಿರಗ್ತಾದ. ನೀ ಗಾಡಿ ತಗೊಂಡ್ ಬರ್ಬೇಕು."

"ಬರ್ತೇನಿ ಕಾಕಿ."

ಮೂವರೂ ಬಸ್ಸು ಹತ್ತಿದರು. ನಾನು ತಾಮ್ರದ ಪಟ್ಟಿ ಉಜ್ಜಿ ಬಿಗಿದೆ. ರೇಸ್ ಕೇಬಲ್ಲನ್ನು ಡೀಸೆಲ್ ಪಂಪಿನಿಂದ ಬಿಚ್ಚಿ ಹಾಕಿದೆ. ಪಂಪಿನ ಸ್ಕ್ರೂ ತಿರುವಿ ಇಂಜಿನ್ನಿನ ಓಟ ತುಸು ಏರಿಸಿಟ್ಟು, ರೇಸ್ ಇಲ್ಲದೆಯೇ ಎರಡನೇ ಗೇರಿನಲ್ಲಿ ಅಫಜಲಪುರದತ್ತ ಹೊರಟೆ. ಸೈಕಲ್ಲಿನವರು ದಾಟಿ ಹೋದರು. ಗಾಡಿ ಕುಂಟುತ್ತ ಅಂಗಡಿ ಮುಟ್ಟಿದಾಗ ಒಂಬತ್ತು ದಾಟಿತ್ತು.

ಸ್ಪೇರ್ ಅಂಗಡಿಯವನ ಬಳಿ ಆ ಜೀಪಿನ ಕೇಬಲ್ ಇರಲಿಲ್ಲ. "ಹಳೀ ಮಾಡೆಲ್ ಅಣ್ಣಾ, ನಾಳಿ ತರಸ್ತೇನಿ," ಅಂದ. ನಾಳೆ ನನಗೆ ಬೇಡವಾಗಿತ್ತು. ಅವನ ಗೋಡೆಗೆ ತೂಗುಹಾಕಿದ್ದ ಕೇಬಲ್ಲುಗಳನ್ನೆಲ್ಲ ಇಳಿಸಿ ಅಳೆದೆ. ಒಂದು ಸರಕು ಟೆಂಪೋದ ಕೇಬಲ್, ತುದಿಯ ಗುಂಡು ಸರಿಹೊಂದಿತು, ಉದ್ದ ಮಾತ್ರ ಗೇಣು ಹೆಚ್ಚು. ಅದನ್ನೇ ತಂದು, ಸೈಲೆನ್ಸರ್ ಪೈಪಿನ ಶಾಖ ತಾಗದಂತೆ ದೊಡ್ಡದಾಗಿ ಬಾಗಿಸಿ ಕೂರಿಸಿದೆ. ಮೊದಲ ಸಲ ಪೆಡಲ್ ಒತ್ತಿದರೆ ಪೂರಾ ವಾಪಸ್ ಬರಲಿಲ್ಲ. ಬಿಚ್ಚಿ ಮತ್ತೆ ಬಾಗಿಸಿದೆ. ಎರಡನೇ ಸಲವೂ ಇಲ್ಲ. ಮೂರನೇ ಸಲ ಸ್ಪ್ರಿಂಗ್ ಬದಲಿಸಿದ ಮೇಲೆ ಟಪ್ ಎಂದು ಬಂತು. ಐವತ್ತು ಸಲ ಒತ್ತಿ ನೋಡಿದೆ.

ಕಂಪನಿಯ ಅರ್ತ್ ವೈರಿನ ಜಾಗಕ್ಕೆ ಹೊಸ ವೈರ್ ಹಾಕಿದೆ. ಈ ಸಲ ಬಲ್ಬು ಮುಟ್ಟಲಿಲ್ಲ. ವೋಲ್ಟ್ ಮೀಟರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು, ಪಂಕ್ಚರ್ ಅಂಗಡಿಯವನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಕಾಲು ವೋಲ್ಟೂ ತೋರಿಸಲಿಲ್ಲ, ಕರೆಂಟಿಗೆ ದಾರಿ ಸಲೀಸಾಗಿತ್ತು. ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ತಣ್ಣಗಿತ್ತು. ಆಮೇಲೆ ಕಲಬುರಗಿಯ ದಾರಿ.

ಆಸ್ಪತ್ರೆ ಮುಟ್ಟಿದಾಗ ಒಂದೂವರೆ. ಗೇಟಿನ ಬಳಿ ಕಲ್ಲಿನ ಕಟ್ಟೆಯ ಮೇಲೆ ಟೇಲರ್ ಕೂತಿದ್ದರು. ಕಾಕಿ ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು. ಬಸ್ಸು ತಡವಾಗಿ ಮುಟ್ಟಿತ್ತು. ನಾಲ್ಕು ತಾಸಿನ ಬದಲು ಮೂರೇ ತಾಸು ಮಶೀನಿಗೆ ಹಾಕಿ ಇಳಿಸಿದ್ದರು, ಇಬ್ಬರಿಗೂ. ಆ ಒಂದು ತಾಸು ನನ್ನ ಲೆಕ್ಕಕ್ಕೆ ಬರುತ್ತದೆ, ಅದನ್ನು ಬೇರೆ ಯಾರ ಲೆಕ್ಕಕ್ಕೂ ಹಾಕಲು ನನಗೆ ಆಗಿಲ್ಲ.

ಕಾಕಾ ಬಾನೆಟ್ ಎತ್ತಿ ಕೇಬಲ್ ಮುಟ್ಟಿ ನೋಡಿದರು, ಪೆಡಲ್ ನಾಲ್ಕು ಸಲ ಒತ್ತಿ ನೋಡಿದರು, ಸ್ಟೇರಿಂಗಿಗೆ ಕೂತರು. ನಾನು ಹಿಂದೆ, ಕಾಕಿಯ ತಲೆ ಜೋಲಿ ಹೊಡೆಯದಂತೆ ದಿಂಬು ಹಿಡಿದು ಕೂತೆ. ಅಫಜಲಪುರದಲ್ಲಿ ನಾನು ಇಳಿಯುವಾಗ ಮಾತ್ರ ಕಾಕಾ, "ನಿನ್ನ ಗಾಡಿ ನಮ್ಮ ಅಂಗಳದಾಗ ಬಿದ್ದದ. ಕನ್ನಡಿ ಒಡದದ. ನಾಳಿ ಬಂದು ಒಯ್ಯಿ," ಅಂದರು.

ಮರುದಿನ ಹೋದಾಗ ಕಾಕಿಯ ಪಾದಗಳು ಊದಿದ್ದವು. ಒಳಗೆ ಕೂತೇ ಚಹಾ ಮಾಡಿಸಿದರು. ಆ ವಾರ ನಾನು ಬೇರೆ ಕೆಲಸ ಹಿಡಿಯಲಿಲ್ಲ. ಕಾಕಾ ಮಂಗಳವಾರ ಕಲಬುರಗಿಗೆ ಹೋಗಿ ಬಂದು ಜೀಪು ತಂದು ನಿಲ್ಲಿಸುವವರೆಗೆ ಅಂಗಡಿಯ ಮುಂದೆಯೇ ಇದ್ದೆ. ಗುರುವಾರ ಫಿಟ್ನೆಸ್ ಆಯಿತು.

ಮುಂದಿನ ಅಮಾವಾಸ್ಯೆಗೆ ಜೀಪು ಅಂಗಡಿಯ ಮುಂದೆ ಬಂದು ನಿಂತಿತು. ಕಾಕಾ ಇಳಿದು ಕಾಯಿ ಹಿಡಿದು ಬಂಪರಿನ ಕಡೆ ಹೋದರು, ನಿಂತರು, ತಿರುಗಿ ಬಂದು ಗಾಲಿಯ ಮುಂದಿನ ಕಲ್ಲಿಗೆ ಒಡೆದರು. ಕಾಕಿ ನಿಧಾನಕ್ಕೆ ಇಳಿದು ಬಾನೆಟ್ ಎತ್ತಿಸಿದರು. ಕೈಯಲ್ಲಿ ಒಂದು ಹೊಸ ಕೆಂಪು ದಾರ ಇತ್ತು.

"ಎಲ್ಲಿ ಕಟ್ಟಲಿ, ನೀನೇ ಹೇಳು," ಅಂದರು.

ಯಾವ ವೈರೂ ಹಾಯದ ಬಾನೆಟ್ಟಿನ ಕೀಲು ತೋರಿಸಿದೆ. ಅಲ್ಲಿಗೇ ಕಟ್ಟಿದರು.